ಸೈಡ್ ವಿಂಗಿನ ಚಾಳಿ

ಜೂನ್ 3, ಸಂಜೆ 5

ಲ್ಯಾಪ್‌ಟಾಪ್ ಕೆಳಗೆ ಎಂದಿನ ನಾಲ್ಕು ದಪ್ಪ ಪುಸ್ತಕ. ಮುಖ ಕಿಟಕಿಯ ಕಡೆಗೆ. ಇವತ್ತೂ ನನ್ನದು ರೋಗಿಯ ಹೆಂಡತಿಯ ಪಾತ್ರ. ಗಂಡನಿಗೆ ಕ್ಯಾನ್ಸರ್ ಎಂದು ಟ್ರೈನಿಂಗ್‌ಗೆ ಬಂದ ಡಾಕ್ಟರು ಪರದೆಯ ಆ ಕಡೆಯಿಂದ ಹೇಳಬೇಕು, ಮನಸ್ಸು ನೋಯದ ಹಾಗೆ. ಅವರು ಎಷ್ಟೇ ತಡವರಿಸಲಿ, ನಾನು ಸುಮ್ಮನಿರಬೇಕು. ಮುಂದಿನ ಮಾತು ಅವರೇ ಹುಡುಕಿಕೊಳ್ಳಬೇಕು. ನನ್ನ ಕೆಲಸ ಇಷ್ಟೇ... ಅದೇ ಆಗಲಿಲ್ಲ.

ಇವತ್ತಿನ ಡಾಕ್ಟರು ಇಷ್ಟೇ ಇಷ್ಟು ಹುಡುಗಿ. ಗುಬ್ಬಿ ಅಂತ ಹೆಸರಿಟ್ಟಿದ್ದೇನೆ. ಸುದ್ದಿ ಹೇಳಿದಳು, ಬಾಯಿ ಕಟ್ಟಿತು. ತಡೆಯಲಾರದೆ ಪಿಸುಗುಟ್ಟಿದೆ: "ನಿಮ್ಮ ಜೊತೆ ನಾವಿದ್ದೀವಿ." ಗಿಳಿಯಂತೆ ಒಪ್ಪಿಸಿದಳು.

"ಸ್ಟಾಪ್! ಅಮ್ಮಾ, ನಿಮಗೆ ಸಮಾಧಾನ ಹೇಳೋದನ್ನ ನೀವೇ ಹೇಳ್ಕೊಟ್ರೆ ಹೇಗೆ?" ಎಂದರು ಟ್ರೈನರ್ ಮೇಡಂ.

ಜೂನ್ 4

ಹೇಗೆ ಅಂದರೆ... ಇಪ್ಪತ್ತೆಂಟು ವರ್ಷದ ಚಾಳಿ. ನಾಟಕ ಕಂಪನಿಯಲ್ಲಿ ನಾನು ಪ್ರಾಂಪ್ಟರ್, ನಟರು ಮರೆತ ಮಾತನ್ನು ಮರೆಯಿಂದ ಹೇಳಿಕೊಡುವವಳು. ಸೈಡ್ ವಿಂಗ್‌ನಲ್ಲಿ ಒಂದು ಸ್ಟೂಲು, ಮಡಿಲಲ್ಲಿ ನಾಟಕದ ಪುಸ್ತಕ, ಮೂಗಿಗೆ ಬಣ್ಣದ ವಾಸನೆ. ನಮ್ಮವರು ಹೀರೋ. ರೂಪ ಬೇಕಾದಷ್ಟು, ನೆನಪು ಸೊನ್ನೆ. ಮಾತು ಮರೆತರೆ ಎಡಗಾಲಿನ ಹೆಬ್ಬೆರಳು ಕುಣಿಯುತ್ತಿತ್ತು. ಕಂಡ ಕೂಡಲೇ ಉಸಿರಲ್ಲೇ ಮಾತು ತಲುಪಿಸುತ್ತಿದ್ದೆ. ಚಪ್ಪಾಳೆ ಎಲ್ಲ ಅವರಿಗೆ. ಒಳಗೆ ಬಂದು, "ನೀನಿಲ್ದಿದ್ರೆ ನಾನು ಮೂಗನೇ ಕಣೇ" ಅನ್ನುತ್ತಿದ್ದರು.

ಮದುವೆಯ ವಿಷಯ ಕೇಳಲು ಬಂದಾಗಲೂ ಹೆಬ್ಬೆರಳು ಕುಣಿಯಿತು. ಅದನ್ನೂ ನಾನೇ ಹೇಳಿಕೊಟ್ಟೆ! ಆ ದಿನಗಳು ಇನ್ನೊಮ್ಮೆ ಬರಬಾರದೇ...

ಜೂನ್ 9

ಮತ್ತೆ ಅದೇ ತಪ್ಪು. ಮೇಡಂ ತಲೆ ಚಚ್ಚಿಕೊಂಡರು. ಆಮೇಲೆ ಗುಬ್ಬಿಯ ಫೋನು.

"ಅಮ್ಮಾ, ಎರಡು ಸಲ ಫೇಲ್ ಆಗಿದ್ದೀನಿ. ಇನ್ನೊಂದ್ಸಲ ಆದ್ರೆ ಆರು ತಿಂಗಳು ಹಿಂದೆ ಬೀಳ್ತೀನಿ. ಪರೀಕ್ಷೇಲಿ ನೀವು ಬಾಯಿ ಬಿಟ್ರೆ ನನ್ನ ಕಥೆ ಮುಗೀತು."

"ತುಟಿ ಹೊಲ್ಕೊಂಡು ಕೂತಿರ್ತೀನಿ ಕಣಮ್ಮ."

"ಸುಮ್ನಿರೋಕೆ ನಿಮಗೂ ಭಯಾನಾ?"

ನಕ್ಕು ಫೋನಿಟ್ಟೆ. ಭಯವೇ. ಯಾಕೆ ಅಂತ ಹೇಳಲಿಲ್ಲ.

ಜೂನ್ 17

ಇಲ್ಲಾದರೂ ಬರೆಯುತ್ತೇನೆ. ಆರು ವರ್ಷವಾಯಿತು. ಆಸ್ಪತ್ರೆ, ಎರಡನೇ ಮಹಡಿ, ಮೂಲೆಯ ಮಂಚ. ಮಧ್ಯಾಹ್ನ ನಮ್ಮವರು ನನ್ನ ಕೈ ಹಿಡಿದರು. "ನೋಡೇ, ನಿಂಗೊಂದು ಹೇಳ್ಬೇಕು..." ನಿಂತುಬಿಟ್ಟರು. ಹೊದಿಕೆಯ ಕೆಳಗೆ ಹೆಬ್ಬೆರಳು ಅಲ್ಲಾಡಿತು.

"ನೀರು ಬೇಕಾ?" ಅಂದೆ.

ನಾನು ಹೇಳಿಕೊಟ್ಟ ಮಾತನ್ನು ಎಂದೂ ತಳ್ಳಿದವರಲ್ಲ. "ಹೂಂ, ನೀರು" ಅಂದರು. ಎರಡು ಗುಟುಕು ಕುಡಿದು ಕಣ್ಣು ಮುಚ್ಚಿದರು. ಮತ್ತೆ ಮಾತಾಡಲೇ ಇಲ್ಲ.

ಬಾಯಿ ಬಿಡುವ ಮುಂಚೆ ಹತ್ತು ಎಣಿಸಿದ್ದರೆ ಸಾಕಿತ್ತು. ಬರೀ ಹತ್ತು.

ಜೂನ್ 20

ಪರೀಕ್ಷೆ. ಪರೀಕ್ಷಕರಿಬ್ಬರು ಪರದೆಯ ಮೂಲೆಯ ಚೌಕಗಳಲ್ಲಿ.

"ಅಮ್ಮಾ, ನಿಮ್ಮ ಯಜಮಾನ್ರ ಕಾಯಿಲೆ ವಾಸಿಯಾಗೋ ಹಂತ ದಾಟಿದೆ." ಗುಬ್ಬಿ ಅಷ್ಟಕ್ಕೇ ನಿಂತಳು. ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿದೆ. ಒಂದು, ಎರಡು... ಏಳಕ್ಕೆ ನನ್ನ ಕಣ್ಣು ತುಂಬಿತು, ಅದು ನಟನೆಯಲ್ಲ. ಒಂಬತ್ತಕ್ಕೆ ಅವಳು ಕನ್ನಡಕ ತೆಗೆದಳು. ಹನ್ನೊಂದಕ್ಕೆ ಮೆಲ್ಲಗೆ ಅಂದಳು:

"ಅವ್ರ ಪಕ್ಕ ಕೂತ್ಕೊಳ್ಳಿ ಅಮ್ಮಾ. ಏನೋ ಹೇಳ್ಬೇಕು ಅಂತಿರಬಹುದು. ನಿಧಾನಕ್ಕೆ ಹೇಳ್ಲಿ."

ಯಾರೂ ಕಲಿಸಿದ ಮಾತಲ್ಲ. ಪಾಸಾದಳು. ನಾನು ಕ್ಯಾಮೆರಾ ಆಫ್ ಮಾಡಿ ಚೆನ್ನಾಗಿ ಅತ್ತೆ.

ಸಂಜೆ 6

ನಮ್ಮವರ ಖಾಲಿ ಕುರ್ಚಿಯ ಎದುರು ಕೂತು ಬರೆಯುತ್ತಿದ್ದೇನೆ. ನೀರು ಬೇಕಾ ಅಂತ ಕೇಳುವುದಿಲ್ಲ. ಏನನ್ನೂ ಹೇಳಿಕೊಡುವುದಿಲ್ಲ. ಹೇಳಿ, ನಿಧಾನಕ್ಕೆ.

ಒಂದು. ಎರಡು. ಮೂರು. ನಾಲ್ಕು —