ಕೊನೆಯ ಕಂಬದ ವೋಲ್ಟೇಜ್

ಬೀಜಾಡಿ
೩-೩-೨೦೧೧, ಗುರುವಾರ

ಪ್ರೀತಿಯ ಅಣ್ಣಯ್ಯನಿಗೆ ನಮಸ್ಕಾರ.

ನಿನ್ನ ಸೊಂಟನೋವು ಹೇಗಿದೆ? ಕ್ಯಾಂಟೀನಿನಲ್ಲಿ ಇಡೀ ದಿನ ನಿಂತೇ ಇರಬೇಡ, ನಡುನಡುವೆ ಕೂತುಕೋ. ನಿನ್ನೆ ಮಧ್ಯಾಹ್ನ ಸ್ವಲ್ಪ ಕಣ್ಣು ಮುಚ್ಚಿದರೆ ಮತ್ತೆ ಅದೇ ಕೆಟ್ಟ ಕನಸು. ಆಕ್ಸಿಜನ್ ಮೆಷಿನ್ನಿನ ಸದ್ದು ನಿಂತಿದೆ, ನಾನು ಸ್ವಿಚ್ಚು ಹುಡುಕುತ್ತ ಗೋಡೆ ತಡವುತ್ತಿದ್ದೇನೆ, ಗೋಡೆಯಲ್ಲಿ ಸ್ವಿಚ್ಚೇ ಇಲ್ಲ. ಬೆಚ್ಚಿ ಎದ್ದರೆ ಮೆಷಿನ್ ನಡೆಯುತ್ತಿತ್ತು. ಇವರು ಮೂಗಿನ ನಳಿಗೆ ಸರಿಮಾಡಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದರು. "ಎಂತ, ಕನ್ಸಾ? ನಾನ್ ಇನ್ನೂ ಇದ್ದೆ ಮಾರಾಯ್ತಿ" ಅಂದರು. ನನಗೆ ನಗು ಬರಲಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಎರಡು ಕೋಣೆಯ ಮನೆ, ಇವರಿಗೆ ಎಲ್ಲ ಕೇಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಐದನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು, ತಪ್ಪಿದ್ದಲ್ಲಿ ಹೊಂದಿಸಿಕೊಂಡು ಓದು. ಆಚೆಮನೆ ಪ್ರಭಾವತಿ ಇವತ್ತಿನ ಬೊಂಬಾಯಿ ಬಸ್ಸಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ.

ವಿಷಯ ಮೆಷಿನ್ನಿಗೆಂದು ನೀನು ತರುವ ಆ ಸ್ಟೆಬಿಲೈಜರಿನದ್ದು. ಮನೆಗೆ ಎಷ್ಟು ವೋಲ್ಟೇಜ್ ಬರುತ್ತದೆ ಎಂದು ನೀನು ಕೇಳಿದಾಗ ಇನ್ನೂರ ಹತ್ತು ಅಂದಿದ್ದೆ. ಅದನ್ನು ನಂಬಿ ನೀನು, ನೂರಾ ಎಪ್ಪತ್ತರಿಂದ ಇನ್ನೂರ ಎಪ್ಪತ್ತರವರೆಗೆ ತಡೆಯುವುದನ್ನು ಶನಿವಾರ ಕೊಳ್ಳುತ್ತೇನೆ ಅಂದೆ. ಅದನ್ನು ಕೊಳ್ಳಬೇಡ. ಲೈನ್‌ಮ್ಯಾನ್ ಬಂದು ಅಳೆದದ್ದು ನಿಜ. ಆದರೆ ಅವನ ಬೈಕು ತಿರುವಿನಲ್ಲಿ ಕಂಡದ್ದೇ ತಡ, ಪಕ್ಕದ ಮನೆ ಸುಗುಣಕ್ಕ ಬೇಲಿ ಹತ್ತಿರ ನಿಂತು ಕೂಗಿದ್ದಳು, "ಹ್ವಾಯ್, ಪಂಪ್ ಬಂದ್ ಮಾಡಿ, ಲೈನ್‌ಮ್ಯಾನ್ ಬಂದ!" ಇಲ್ಲಿ ಎಲ್ಲರದ್ದೂ ಕರೆಂಟ್ ಆಫೀಸಿನಲ್ಲಿ ಬರೆಸಿದ್ದಕ್ಕಿಂತ ದೊಡ್ಡ ಪಂಪು. ಒಂದರ ಹಿಂದೆ ಒಂದು ನಿಂತವು. ಅವನು ಅಳೆದದ್ದು ಒಂದು ಪಂಪೂ ಓಡದ ಊರಿನ ಕರೆಂಟು. ಅವನು ಹೋದದ್ದೇ ಎಲ್ಲ ಮತ್ತೆ ಶುರು.

ಕೋಟೇಶ್ವರದಲ್ಲಿ ಮೋಟಾರು ರಿವೈಂಡಿಂಗ್ ಮಾಡುವ ಯೋಗೀಶನನ್ನು ಮೊನ್ನೆ ದೀಪ ಹಚ್ಚುವ ಹೊತ್ತಿಗೇ ಬರಹೇಳಿದೆ. ತೆಂಗಿಗೂ ನೆಲಗಡಲೆಗೂ ಎಲ್ಲರೂ ನೀರು ಬಿಡುವ ಹೊತ್ತು ಅದು. ಅವನ ಮೀಟರಿನಲ್ಲಿ ನೂರಾ ಇಪ್ಪತ್ತನಾಲ್ಕು. ನಾವು ನೋಡುತ್ತಿದ್ದಂತೆ ಮೆಷಿನ್ ಕುಂಯ್ ಎಂದು ಕೂಗಿ ನಿಂತೇಹೋಯಿತು. ಓಡಿ ಹೋಗಿ ಸಿಲಿಂಡರಿಗೆ ನಳಿಗೆ ಸಿಕ್ಕಿಸಿದೆ. ಅದರಲ್ಲಿ ಉಳಿದಿದ್ದದ್ದೂ ಅಂದೇ ಮುಗಿಯಿತು, ತುಂಬಿಸಲು ಉಡುಪಿಗೆ ಕೊಟ್ಟದ್ದು ಇನ್ನೂ ಬಂದಿಲ್ಲ. ಪಂಪೆಲ್ಲ ಒಟ್ಟಿಗೆ ನಿಂತಾಗ ಮೀಟರು ಇನ್ನೂರ ಎಂಬತ್ತೆಂಟಕ್ಕೆ ಹಾರಿ, ಆಮೇಲೆ ಇನ್ನೂರ ಹತ್ತರ ಹತ್ತಿರ ಬಂದು ನಿಂತಿತು. "ಅಕ್ಕ, ನಿಮ್ದ್ ಲೈನಿನ ಕೊನೆ ಕಂಬ. ನೂರೆಪ್ಪತ್ರದ್ದ್ ತಂದ್ರೆ ಅದ್ ಟಿಕ್ ಟಿಕ್ ಅಂದ್ಕಂಡ್ ಕೂಕಂತ್, ಅಷ್ಟೇ" ಅಂದ ಯೋಗೀಶ. ಕೆಳಗೆ ತೊಂಬತ್ತು, ಮೇಲೆ ಮುನ್ನೂರು ತಡೆಯುವುದೇ ಬೇಕಂತೆ. ಪೆಟ್ಟಿಗೆಯ ಮೇಲಿನ ಬರಹ ಮಾತ್ರ ನೋಡಿ ತರಬೇಡ. ಕೆಲವು, ತೊಂಬತ್ತಕ್ಕೆ ಇಳಿದರೂ ದೀಪ ಉರಿಸುತ್ತ ಇರುತ್ತವೆ, ಆದರೆ ಹೊರಗೆ ಕೊಡುವುದು ನೂರೈವತ್ತೇ ಅಂತೆ, ಅದು ಮೆಷಿನ್ನಿಗೆ ಸಾಲದು. ಒಳಗೆ ತೊಂಬತ್ತು ಹೋದರೆ ಹೊರಗೆ ಎಷ್ಟು ಬರುತ್ತದೆ ಎಂದು ಮೀಟರಿಟ್ಟು ತೋರಿಸಲು ಅಂಗಡಿಯವನಿಗೆ ಹೇಳು. ಅವನು ಬೈದರೂ ಬೈಯಲಿ.

ಸಂಜೆ ಒಂದು ಗಳಿಗೆ ಪಂಪು ನಿಲ್ಲಿಸಿ ಎಂದು ಅಕ್ಕಪಕ್ಕದವರನ್ನು ಕೇಳಲು ಹೊರಟಿದ್ದೆ. ಇವರು ಬಿಡಲಿಲ್ಲ. "ಅವ್ರ್ ಮರಕ್ಕೆ ನೀರ್ ಬ್ಯಾಡ್ದಾ? ನನ್ ಒಬ್ಬನ್ ಉಸ್ರಿಗೆ ಊರನ್ನೇ ಒಣಗ್ಸುಕ್ ಆತ್ತಾ?" ಅಂದರು. ಹೆಂಚಿನ ಕಾರ್ಖಾನೆಯ ಧೂಳು ಕುಡಿದೇ ಪ್ರಾಯ ಕಳೆದ ಮನುಷ್ಯ, ಅಷ್ಟು ಹೇಳುವುದರೊಳಗೆ ಉಸಿರಿಗೆಂದು ಎರಡು ಕಡೆ ನಿಲ್ಲಬೇಕಾಯಿತು. ಪಂಪು ನಿಲ್ಲಿಸಿ ಎಂದರೆ ಸುಗುಣಕ್ಕ ಇಲ್ಲ ಅನ್ನುವವಳಲ್ಲ, ಗೊತ್ತು. ಇವರ ಕಣ್ಣು ತಪ್ಪಿಸಿ ಹೋಗಲು ನನಗೆ ಧೈರ್ಯ ಇಲ್ಲ.

ಅತ್ತಿಗೆಗೂ ಮಕ್ಕಳಿಗೂ ನಾನು ಕೇಳಿದೆ ಅನ್ನು. ಕೋಟೇಶ್ವರದ ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ
ವನಜ

ಮರೆಯುವ ಮೊದಲು: ಪ್ರಭಾವತಿ ಬಾಗಿಲಲ್ಲೇ ನಿಂತಿದ್ದಾಳೆ. ಯೋಗೀಶ ಮೆಟ್ಟಿಲಿಳಿಯುವಾಗ ಇನ್ನೊಂದು ಹೇಳಿದ, ಇವರಿಗೆ ತಿಳಿಸಿಲ್ಲ. ಕೆಲವು ಸ್ಟೆಬಿಲೈಜರ್ ಒಮ್ಮೆ ಕರೆಂಟು ತಪ್ಪಿಸಿದರೆ, ಎಲ್ಲ ಸರಿಯಾದ ಮೇಲೂ ಮೂರು ನಿಮಿಷ ಕಾದ ಮೇಲೇ ಕರೆಂಟು ಕೊಡುತ್ತವಂತೆ, ಫ್ರಿಜ್ಜು ಹಾಳಾಗಬಾರದೆಂದು. ಫ್ರಿಜ್ಜಾದರೆ ಕಾದೀತು. ಮೊನ್ನೆ ನಾನು ಸಿಲಿಂಡರು ಸಿಕ್ಕಿಸುವುದರೊಳಗೇ ಇವರ ಉಗುರು ನೀಲಿಯಾಗಿತ್ತು. ಆ ಕಾಯುವುದನ್ನು ತೆಗೆದುಹಾಕುವ ಸ್ವಿಚ್ಚು ಅದರಲ್ಲಿ ಇದೆಯೋ ಇಲ್ಲವೋ ನೋಡು ಅಣ್ಣಯ್ಯ. ಇದೆ ಅಂದರೂ, ಅಂಗಡಿ ಇಳಿಯುವ ಮುಂಚೆ ಆರಿಸಿ ಹಾಕಿ, ಕೂಡಲೇ ಕರೆಂಟು ಬರುತ್ತದೋ ಎಂದು ಇನ್ನೊಮ್ಮೆ ನೋಡು.