ದೋಣಿ ಮಾರಿ ಕಲಿತ ಉಸಿರು

ಅಪ್ಪಾ,

‘ಉಸಿರಾಡುವುದನ್ನು ಯಾರೂ ಕಲಿಸಲಾರರು’ ಎಂಬ ಸಾಲನ್ನು ಎಲ್ಲೋ ಓದಿದ್ದೆ, ಮುಂದಿನ ಸಾಲು ಮರೆತಿದೆ. ಅದು ನಿಜವೇ ಎಂದು ಈಗ ಅನುಮಾನ. ನಿನ್ನ ಮಗ ಕರ್ಟಿಸ್ ನಿನ್ನೆ ಕಮ್ಯುನಿಟಿ ಕಾಲೇಜಿನಲ್ಲಿ ಅದನ್ನೇ ಕಲಿತು ಮುಗಿಸಿದ.

ದುಡಿಯುತ್ತಿದ್ದ ಪೇಪರ್ ಮಿಲ್ ಮುಚ್ಚಿದ ಮೇಲೆ ಅವನು ನಿನ್ನ ಮೀನಿನ ದೋಣಿ ಮಾರಿದ. ಆ ದುಡ್ಡು ಎರಡು ವರ್ಷದ ಫೀಸಿಗೆ ಸಾಕಾಯಿತು. ನನ್ನ ಸಾಹಿತ್ಯದ ಎಂ.ಎ. ಸಾಲ ಇನ್ನೂ ತೀರಿಲ್ಲ. ಅವನಿಗೋ ಕೊನೆಯ ಪರೀಕ್ಷೆಗೆ ಮೊದಲೇ ಕೌಂಟಿ ಆಸ್ಪತ್ರೆಯಲ್ಲಿ ಉಸಿರಾಟದ ಚಿಕಿತ್ಸಕನ ಕೆಲಸ ಸಿಕ್ಕಿದೆ. ನಲವತ್ತು ದಾಟಿದವನು ಮಗಳ ವಯಸ್ಸಿನವರ ನಡುವೆ ಕೂತು, ಸಂಜೆ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ಓದಿದ.

ಪಾಸಾದವರ ಅಂಗಿಗೆ ಅವರೇ ಆರಿಸಿದವರು ಕಾಲೇಜಿನ ಲಾಂಛನದ ಪಿನ್ನು ಚುಚ್ಚುವುದು ಅಲ್ಲಿನ ಪದ್ಧತಿ. ಅವನು ನನ್ನನ್ನು ಕರೆಸಿದ. ನಾನು ಜೋರಾಗಿ ಒತ್ತಿದ್ದಕ್ಕೆ ಪಿನ್ನು ಅಂಗಿ ದಾಟಿ ಅವನಿಗೇ ಚುಚ್ಚಿತು.

“ಅಕ್ಕಾ, ಚುಚ್ಚಿ ರಕ್ತ ತೆಗ್ಯೋದು ನನ್ ಕೆಲ್ಸ ಕಣೇ!” ಎಂದು ನಕ್ಕ. ಆಮೇಲೆ ಮೆಲ್ಲಗೆ, “ದೋಣಿ ಮಾರಿದ್ದಕ್ಕೆ ಅಪ್ಪ ಬೈತಿದ್ನೇನೇ?” ಎಂದ.

ನಿನ್ನ ಕೊನೆಯ ಚಳಿಗಾಲದಲ್ಲಿ ಹಾಸಿಗೆಯ ಆಚೆ ಅವನು, ಈಚೆ ನಾನು ನಿಂತದ್ದು ನೆನಪಾಯಿತು. ನೀನು ಉಸಿರಿಗೆ ಒದ್ದಾಡುತ್ತಿದ್ದೆ.

ಮನೆಗೆ ಬಂದರೆ ಪಕ್ಕದ ಮನೆಯ ವರ್ನಾ ಕೇಕು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಾರ್ಚಿನಲ್ಲಿ ಅವರಿಗೆ ನ್ಯುಮೋನಿಯಾ ಆದಾಗ, ತರಬೇತಿಯಲ್ಲಿದ್ದ ಕರ್ಟಿಸನೇ ಉಸಿರಿನ ವ್ಯಾಯಾಮ ಮಾಡಿಸಿದ್ದ.

“ಎಳೀರಿ, ಇನ್ನೂ ಎಳೀರಿ, ಬಿಡ್ಬೇಡಿ ಅಂತ ಗದರಿಸಿದ್ದೇ ಗದರಿಸಿದ್ದು ಕಣೇ,” ಎಂದರು. “ಕಣ್ಮುಚ್ಚಿಕೊಂಡೆ. ನಿಮ್ಮಪ್ಪ ದೋಣೀಲಿ ನಿಂತು ಬಲೆ ಎಳ್ಯೋರಿಗೆ ಕೂಗ್ದಂಗೇ ಇತ್ತು.”