ನೀರು ಕುಡಿಯಿರಿ ಎಂದವರಿಗೆ

ಮಾನ್ಯ ಜಿಲ್ಲಾ ಶಿಕ್ಷಣಾಧಿಕಾರಿಗಳೇ,

ನಮ್ಮ ಹುಡುಗಿಯರ ಹೊಟ್ಟೆ ಕೆಟ್ಟಿರುವುದು ಮಿರ್ಚಿ ಭಜಿಯಿಂದಲ್ಲ, ತಮ್ಮ ಇಲಾಖೆಯಿಂದ. ಕಳೆದ ತಿಂಗಳು ತಿಕೋಟಾದಾಚೆಯ ನಮ್ಮೂರ ಹೈಸ್ಕೂಲಿಗೆ ದಯಮಾಡಿಸಿ, ಪಾಲಕರೆದುರು ಹರೆಯದವರ ಆಹಾರ ಮತ್ತು ಜೀರ್ಣಶಕ್ತಿ ಕುರಿತು ಅಮೋಘವಾಗಿ ಮಾತಾಡಿದಿರಿ. ಭಜಿ, ಚುರುಮುರಿ ಬಿಡಿಸಿ, ಹೊತ್ತಿಗೆ ಸರಿಯಾಗಿ ಉಣ್ಣಿಸಿ, ಹೇರಳವಾಗಿ ನೀರು ಕುಡಿಸಿ ಎಂದಿರಿ. ನನ್ನ ಮಗಳು ಭೀಮಾಬಾಯಿ ತಲೆ ತಗ್ಗಿಸಿಕೊಂಡು ನಗುತ್ತಿದ್ದಳು.

ಒಂಬತ್ತನೆಯ ಇಯತ್ತೆಯ ಈ ಹುಡುಗಿ ಚಳಿಗಾಲವಿಡೀ ಹೊಟ್ಟೆನೋವಿನಿಂದ ನರಳಿದ್ದಳು. ವಿಜಾಪುರದ ಸ್ಟೇಷನ್ ರಸ್ತೆಯ ಡಾಕ್ಟರು ನೀರು ಸಾಲದೆ ಆದ ಮಲಬದ್ಧತೆ ಎಂದರು. ನೀರೇಕೆ ಕುಡಿಯುವುದಿಲ್ಲವೆಂದು ನಾನು ಕೇಳಿದರೆ ಅವಳು ಒಳಗೆ ಎದ್ದುಹೋದಳು. ಕೊನೆಗೆ ನನ್ನ ತಾಯಿ ಲಕ್ಕವ್ವನ ಮುಂದೆ ಹೇಳಿದಳು: "ಸಾಲ್ಯಾಗ ಹೊರಗ ಹೋಗಾಕ ಜಾಗಾನ ಇಲ್ಲಬೇ ಆಯಿ. ಅದಕ್ಕ ನಾವು ನೀರು ಕುಡಿಯೂದಿಲ್ಲ, ಬುತ್ತಿನೂ ಉಣ್ಣೂದಿಲ್ಲ." ಗೆಳತಿ ಮುನೀರಾಳದೂ ಅದೇ ವ್ರತ. ಇಬ್ಬರ ರೊಟ್ಟಿಯೂ ಶಾಲೆಯ ಹಿಂದೆ ಮೇಯುವ ಆಡಿನ ಪಾಲು. ತಮ್ಮ ಉಪದೇಶದಂತೆ ಹೊತ್ತಿಗೆ ಸರಿಯಾಗಿ ಉಣ್ಣುವ ಜೀವ ಈ ಶಾಲೆಯಲ್ಲಿ ಅದೊಂದೇ.

ಪಾಯಖಾನೆ ಕಟ್ಟಿಸಿಲ್ಲವೆಂದು ನಾನು ಸುಳ್ಳು ಹೇಳಲಾರೆ. ಕಟ್ಟಿಸಿದ್ದೀರಿ. ಉದ್ಘಾಟನೆಯ ಮರುವಾರವೇ ಅದರೊಳಗೆ ಮುರಿದ ಬೆಂಚುಗಳನ್ನು ತುಂಬಿ ಬೀಗ ಹಾಕಬೇಕೆಂದು ತಮ್ಮ ಕಚೇರಿಯೇ ಅಪ್ಪಣೆ ಕಳಿಸಿತು. ಬೆಂಚುಗಳಿಗೂ ಮರೆ ಬೇಕಲ್ಲವೇ?

ಭಾಷಣದ ನಂತರ ಶಾಲೆಯಲ್ಲೇ ತಮಗೆ ಊಟ ಬಡಿಸಿದ್ದು ಲಕ್ಕವ್ವನೇ. ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ ಉಂಡಿರಿ. ಸಾಕೆಂದರೂ ಆಕೆ ಮಜ್ಜಿಗೆ ಸುರಿಯುತ್ತಲೇ ಇದ್ದಳು. "ಕುಡೀರಿ ಸಾಹೇಬ್ರ, ಹೊಟ್ಟಿಗಿ ಛಲೋ ಅಂತ ಈಗರ ಹೇಳಿದ್ರೆಲ್ಲ." ಸ್ವಲ್ಪ ಹೊತ್ತಿಗೆ ತಾವು ಮುಖ್ಯೋಪಾಧ್ಯಾಯರ ಕಿವಿಯಲ್ಲಿ ಏನೋ ಉಸುರಿದಿರಿ. ಅವರು ಪಾಯಖಾನೆಯ ಬೀಗದ ಕಡೆ ನೋಡಿದರು. ಹಿತ್ತಲ ಬೇಲಿಯ ಮರೆಗೆ ಹೋಗೋಣವೆಂದರೆ ಅಲ್ಲೂ ತುಂಬ ಪಾಲಕರು. ವಂದನಾರ್ಪಣೆಗೂ ನಿಲ್ಲದೆ ತಾವು ಜೀಪು ಹತ್ತಿದಿರಿ. ಹಾಳು ರಸ್ತೆ, ಒಂದೊಂದು ಕುಣಿಗೂ ಜೀಪು ಎಗರುತ್ತಿತ್ತು. ಕಿಟಕಿಯಲ್ಲಿ ನಿಂತ ಹುಡುಗಿಯರು ಯಾರೂ ನಗಲಿಲ್ಲ; ಅದೇನು ಸಂಕಟವೆಂದು ಅವರಿಗೆ ಗೊತ್ತಿತ್ತು.

ಇನ್ನಾದರೂ ಬೀಗ ತೆಗೆಸುತ್ತೀರೆಂದು ನಂಬಿದ್ದೆವು. ಆದರೆ ಮೊನ್ನೆ ತಮ್ಮ ಕಚೇರಿಯಿಂದ ಬಂದದ್ದು ಪ್ರತಿ ವರ್ಗಕ್ಕೂ ತೂಗುಹಾಕಲು ಒಂದೊಂದು ಫಲಕ: 'ಹೆಚ್ಚು ನೀರು ಕುಡಿಯಿರಿ.'

ಆದ್ದರಿಂದ ಬೇಡಿಕೆ ಇಷ್ಟೇ. ಬೆಂಚುಗಳನ್ನು ಒಯ್ಯಿರಿ, ಬಾಗಿಲಿಗೆ ಒಳಚಿಲಕ ಹಾಕಿಸಿ, ಒಂದು ಹಂಡೆ ನೀರಿಡಿಸಿ. ಇಲ್ಲವಾದರೆ ಬರುವ ಸೋಮವಾರ ಹುಡುಗಿಯರೆಲ್ಲ ತಮ್ಮ ಫಲಕದ ಆಜ್ಞೆಯಂತೆ ಹೊಟ್ಟೆ ತುಂಬ ನೀರು ಕುಡಿಯುತ್ತಾರೆ. ತಾಯಂದಿರು ಅವರನ್ನು ಬಸ್ಸು ಹತ್ತಿಸಿ ನೇರ ತಮ್ಮ ಕಚೇರಿಗೆ ಕರೆತರುತ್ತಾರೆ. ಅಲ್ಲಿ ಅಧಿಕಾರಿಗಳಿಗೆಂದೇ ಪ್ರತ್ಯೇಕ ಸೌಕರ್ಯವಿದೆಯೆಂದು ಕೇಳಿದ್ದೇವೆ. ಮುಂದಾಳತ್ವ ಲಕ್ಕವ್ವನದು.

ಇಂತಿ,
ತಮ್ಮ ಭಾಷಣವನ್ನು ಇನ್ನೂ ಅರಗಿಸಿಕೊಳ್ಳಲಾಗದ ಪಾಲಕ,
ಶಿವಯೋಗೆಪ್ಪ
ಮಾರ್ಚ್ ೧೯೭೪